ಹೋರಿಕರುವಿನ ಬೀಜ ಒಡೆಸಿದ ಮೇಲೆ ಮನೆಯಲ್ಲಿ ಮಾಡಬೇಕಾದ ಆರೈಕೆ

ಬೀಜ ಒಡೆಸುವುದು ಅಂದರೆ ಹೋರಿಕರುವಿನ ವೃಷಣ ಕೆಲಸ ಮಾಡದ ಹಾಗೆ ಮಾಡುವುದು. ಆ ಕೆಲಸ ಡಾಕ್ಟರ್ ಬಂದು ಸ್ವಲ್ಪ ಹೊತ್ತಿನಲ್ಲೇ ಮುಗಿಸಿ ಹೋಗುತ್ತಾರೆ. ಆದರೆ ಕರು ಸೊರಗದೆ ಚೇತರಿಸಿಕೊಂಡು ಮುಂದೆ ಗಟ್ಟಿ ಎತ್ತಾಗಬೇಕಾದರೆ ಆಮೇಲಿನ ಮೂರು ವಾರ ಮನೆಯವರು ಅದನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದೇ ಮುಖ್ಯ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಒಡೆಸುವ ದಿನ ಓಣಿಯ ನಾಲ್ಕು ಜನ ಸೇರಿ ಹಗ್ಗ ಹಿಡಿದು ಸಹಾಯ ಮಾಡುತ್ತಾರೆ. ಮರುದಿನದಿಂದ ಕರುವಿನ ಹಿಂದೆ ಬಗ್ಗಿ ನೋಡುವವರು ಯಾರೂ ಇರಲ್ಲ. ಕೊಟ್ಟಿಗೆಯಲ್ಲಿ ವಾಸನೆ ಬಂದ ಮೇಲೆ ಓಡಾಟ ಶುರುವಾಗುತ್ತದೆ. ಅಷ್ಟೊತ್ತಿಗೆ ತಡವಾಗಿರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಾಲ ಎತ್ತಿ ನೋಡಿ. ಔಷಧ, ಮೇವು, ಹಾಸಿಗೆ ಎಲ್ಲ ಆಮೇಲೆ.

ನೋಡುವುದಕ್ಕೂ ಒಂದು ಕ್ರಮ ಇದೆ. ಒಬ್ಬರು ಕರುವಿನ ಪಕ್ಕೆಗೆ ಒತ್ತಿ ನಿಂತು ಬಾಲದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತಬೇಕು. ಬಾಲದ ತುದಿ ಹಿಡಿದು ತಿರುಚಬಾರದು, ಮುರಿಯುತ್ತದೆ. ಹೀಗೆ ಎತ್ತಿ ಹಿಡಿದಾಗ ಒದೆಯುವುದು ಎಷ್ಟೋ ಕಡಿಮೆಯಾಗುತ್ತದೆ. ಇನ್ನೊಬ್ಬರು ಟಾರ್ಚ್ ಹಾಕಿ ಬೀಜದ ಚೀಲದ ಮುಂದೆ, ಹಿಂದೆ, ತೊಡೆಯ ಸಂದಿ ಎಲ್ಲ ನೋಡಬೇಕು. ಆಮೇಲೆ ತೊಳೆದ ಕೈಯ ಹಿಂಭಾಗವನ್ನು ಮೆಲ್ಲಗೆ ತಾಗಿಸಿ ಬಿಸಿ ಎಷ್ಟಿದೆ ಅಂತ ಅಂದಾಜು ಮಾಡಬೇಕು. ದೇವಣಿ ಕರು ಆದರೆ ಸಾಮಾನ್ಯವಾಗಿ ಸುಮ್ನೆ ನಿಲ್ಲುತ್ತದೆ. ಖಿಲಾರಿ ಚುರುಕು, ಬಲು ಸಿಟ್ಟಿನ ಜಾತಿ. ಅದಕ್ಕೆ ಮುಂದೆ ಒಬ್ಬರು ಹಗ್ಗ ಹಿಡಿದು ಮೈ ತಡವುತ್ತಾ ನಿಂತರೆ ಒಳ್ಳೆಯದು. ದಿನಾ ಅದೇ ವ್ಯಕ್ತಿ ನೋಡಿದರೆ ಕರುವಿಗೂ ರೂಢಿಯಾಗುತ್ತದೆ, ನಿನ್ನೆಗಿಂತ ಇವತ್ತು ಏನು ಬದಲಾಗಿದೆ ಅನ್ನೋದೂ ಕಣ್ಣಿಗೆ ಬೀಳುತ್ತದೆ. ನಾಲ್ಕು ಜನ ಸರದಿಯಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ.

ಯಾವ ರೀತಿ ಒಡೆದಿದ್ದಾರೆ ಅಂತ ಕೇಳಿಟ್ಟುಕೊಳ್ಳಿ

ಆರೈಕೆ ಎಲ್ಲದಕ್ಕೂ ಒಂದೇ ಅಲ್ಲ. ನಮ್ಮ ಕಡೆ ಜಾಸ್ತಿ ನಡೆಯುವುದು ಬರ್ಡಿಜೋ ಇಕ್ಕಳದಿಂದ. ಇದರಲ್ಲಿ ಚರ್ಮ ಕೊಯ್ಯುವುದಿಲ್ಲ. ಬೀಜಕ್ಕೆ ರಕ್ತ ಒಯ್ಯುವ ನರವನ್ನು ಚರ್ಮದ ಮೇಲಿಂದಲೇ ಇಕ್ಕಳದಲ್ಲಿ ಒತ್ತಿ ಜಜ್ಜುತ್ತಾರೆ. ರಕ್ತ ನಿಂತ ಮೇಲೆ ಬೀಜ ವಾರಗಳ ಕಾಲ ತೆಗೆದುಕೊಂಡು ಒಳಗೇ ಒಣಗಿ ಸಣ್ಣದಾಗುತ್ತದೆ. ಗಾಯ ಇಲ್ಲ, ಹಾಗಾಗಿ ಹುಳದ ಭಯ ಕಡಿಮೆ. ಬಾವು ಮಾತ್ರ ಬಂದೇ ಬರುತ್ತದೆ.

ಇಕ್ಕಳ ಹಾಕಿದ ಮೇಲೆ ಚೀಲದ ಕುತ್ತಿಗೆಯ ಹತ್ತಿರ ಎರಡು ಗೆರೆ ಕಾಣುತ್ತವೆ, ಎಡಕ್ಕೊಂದು ಬಲಕ್ಕೊಂದು. ಅವೆರಡೂ ನಡುವೆ ಕೂಡಬಾರದು. ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ ಇರಬೇಕು, ಮಧ್ಯದಲ್ಲಿ ಜಜ್ಜದ ಚರ್ಮ ಉಳಿದಿರಬೇಕು. ಆ ಚರ್ಮದ ಮೂಲಕವೇ ಚೀಲದ ಕೆಳಭಾಗಕ್ಕೆ ರಕ್ತ ಹೋಗುವುದು. ಎರಡೂ ಗೆರೆ ಸೇರಿ ಸುತ್ತಲೂ ಒಂದೇ ಪಟ್ಟಿಯಾಗಿದ್ದರೆ ಕೆಳಗಿನ ಚರ್ಮ ಸತ್ತು ಕೊಳೆಯುವ ಅಪಾಯ ಇದೆ. ಡಾಕ್ಟರ್ ಇರುವಾಗಲೇ ಬಗ್ಗಿ ನೋಡಿಕೊಳ್ಳಿ, ಅನುಮಾನ ಬಂದರೆ ಅಲ್ಲೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಎರಡನೆಯದು ಕೊಯ್ದು ಬೀಜ ತೆಗೆಯುವುದು. ಇಲ್ಲಿ ಕೆಲಸ ಪಕ್ಕಾ, ಬೀಜ ಉಳಿಯುವ ಪ್ರಶ್ನೆ ಇಲ್ಲ. ಆದರೆ ಗಾಯವನ್ನು ಸಾಮಾನ್ಯವಾಗಿ ಪೂರ್ತಿ ಹೊಲಿಯದೆ ಕೆಳಗೆ ತೆರೆದೇ ಬಿಡುತ್ತಾರೆ, ಒಳಗಿನ ರಸ ಇಳಿದು ಹೋಗಲಿ ಅಂತ. ಅದನ್ನು ನೋಡಿ ಡಾಕ್ಟರ್ ಹೊಲಿಗೆ ಹಾಕೋದು ಮರೆತಿದ್ದಾರೆ ಅಂತ ಗಾಬರಿಯಾಗಬೇಡಿ. ಬಟ್ಟೆ ಕಟ್ಟಿ ಮುಚ್ಚಲೂ ಬೇಡಿ.

ಮೂರನೆಯದು ಬೀಜದ ಚೀಲದ ಬುಡಕ್ಕೆ ರಬ್ಬರ್ ಉಂಗುರ ಬಿಗಿಯುವುದು. ಇದು ಹುಟ್ಟಿ ಕೆಲವೇ ವಾರವಾದ ಎಳೆ ಕರುವಿಗೆ ಮಾತ್ರ. ಕೆಳಗಿನ ಭಾಗ ಒಣಗಿ ತಾನಾಗಿಯೇ ಉದುರುತ್ತದೆ, ಅದಕ್ಕೆ ಮೂರರಿಂದ ಆರು ವಾರ ಹಿಡಿಯುತ್ತದೆ. ನೇತಾಡುತ್ತಿದೆ ಅಂತ ನೀವು ಕತ್ತರಿಸಬಾರದು. ದೊಡ್ಡ ಕರುವಿಗೆ ಉಂಗುರ ಹಾಕುವುದು, ತಂತಿ ಅಥವಾ ನೈಲಾನ್ ದಾರ ಬಿಗಿಯುವುದು ಬೇಡವೇ ಬೇಡ.

ಕಲ್ಲು, ಕಟ್ಟಿಗೆಯಿಂದ ಬಡಿದು ಒಡೆಯುವ ಹಳೇ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಹಿಂಸೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀಜ ಒಡೆಸುವುದಕ್ಕೆ ಅವಕಾಶ ಕೊಟ್ಟಿದೆ, ಆದರೆ ನಿಗದಿ ಮಾಡಿದ ರೀತಿಯಲ್ಲಿ ಮಾತ್ರ. ಪಶು ಡಾಕ್ಟರಿಂದಲೇ, ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಮಾಡಿಸಿ. ಮಾತು ಬಾರದ ಪ್ರಾಣಿ ಅಲ್ವಾ, ಅದರ ಪರವಾಗಿ ಇಂಜೆಕ್ಷನ್ ಕೇಳುವವರು ನಾವೇ ಆಗಬೇಕು.

ದಿನ ಗೊತ್ತು ಮಾಡುವಾಗ

ನಮ್ಮ ಸೀಮೆಗೆ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿ ಒಳಗೆ ಒಳ್ಳೆ ಕಾಲ. ಕೆಸರು ಇರಲ್ಲ, ನೊಣ ಕಡಿಮೆ, ಬಿಸಿಲೂ ತಡೆಯುವಷ್ಟಿರುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನ ಕೆಸರು ಕರುವಿನ ತೊಡೆವರೆಗೂ ಮೆತ್ತಿಕೊಳ್ಳುತ್ತದೆ, ಅದರಲ್ಲಿ ಗಾಯ ಒಣಗಿಸುವುದು ದೊಡ್ಡ ಕಷ್ಟ. ಶಹಾಪುರ, ಸುರಪುರ ಕಡೆಯ ನೀರಾವರಿ ಊರುಗಳಲ್ಲಿ ಭತ್ತದ ಗದ್ದೆ ಇರುವುದರಿಂದ ಮಳೆ ನಿಂತರೂ ಹಸಿ ಇದ್ದೇ ಇರುತ್ತದೆ, ಅಲ್ಲಿಯವರು ಇನ್ನೂ ಹುಷಾರಾಗಿರಬೇಕು. ಏಪ್ರಿಲ್, ಮೇ ಬಿಸಿಲಲ್ಲಿ ಮೊದಲೇ ದನ ನಿತ್ರಾಣವಾಗಿರುತ್ತವೆ, ಆಗ ಬೇಡ. ಕಾರಹುಣ್ಣಿಮೆಗೆ ಸಿಂಗರಿಸಿ ಓಡಿಸಬೇಕು ಅಂತ ಆಸೆ ಇದ್ದರೆ ಅದಕ್ಕೆ ಎರಡು ಮೂರು ತಿಂಗಳ ಮುಂಚೆಯೇ ಮುಗಿದಿರಬೇಕು.

ವಯಸ್ಸಿನ ವಿಷಯದಲ್ಲಿ ನಮ್ಮ ಹಿರಿಯರದ್ದು ಒಂದು ಲೆಕ್ಕ, ಡಾಕ್ಟರದ್ದು ಇನ್ನೊಂದು. ಭುಜ ತುಂಬಲಿ, ಕುತ್ತಿಗೆ ದಪ್ಪ ಆಗಲಿ, ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರಲಿ ಅಂತ ಹಿರಿಯರು ಕಾಯುತ್ತಾರೆ. ಗಳೆ, ಅಂದರೆ ಉಳುಮೆಯ ಎತ್ತಿಗೆ ಆ ಮಾತಿನಲ್ಲಿ ಅರ್ಥ ಇದೆ. ಆದರೆ ಎಳೆಯದರಲ್ಲೇ ಮಾಡಿಸಿ ಅನ್ನುತ್ತಾರೆ ಡಾಕ್ಟರ್, ಯಾಕಂದರೆ ಕರು ದೊಡ್ಡದಾದಷ್ಟೂ ನೋವು ಜಾಸ್ತಿ, ಬಾವು ಜಾಸ್ತಿ, ವಾಸಿಯಾಗುವುದೂ ನಿಧಾನ. ತಡ ಮಾಡಿ ಒಡೆಸುವವರು ಆರೈಕೆಯನ್ನೂ ಅಷ್ಟೇ ಜಾಸ್ತಿ ಮಾಡಬೇಕಾಗುತ್ತದೆ.

ಅದೇ ದಿನ ಮೂಗು ಚುಚ್ಚಿಸುವುದು, ಲಾಳ ಹೊಡೆಸುವುದು, ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವುದು ಮಾಡಬೇಡಿ. ಹೇಗೂ ಕೆಡವಿದ್ದೀವಲ್ಲ, ಎಲ್ಲಾ ಒಮ್ಮೆಲೇ ಮುಗಿಸೋಣ ಅನಿಸುತ್ತದೆ. ಕರುವಿಗೆ ಒಂದು ನೋವು ತಡೆಯುವುದೇ ಸಾಕು. ಹದಿನೈದು ಇಪ್ಪತ್ತು ದಿನ ಬಿಟ್ಟು ಮಾಡಿಸಿ.

ಮೊದಲ ದಿನ

ಮಂಪರು ಬರುವ ಇಂಜೆಕ್ಷನ್ ಕೊಟ್ಟಿದ್ದರೆ ಕರು ಜೊಲ್ಲು ಸುರಿಸುತ್ತದೆ, ಪದೇ ಪದೇ ಉಚ್ಚೆ ಹೊಯ್ಯುತ್ತದೆ, ತಲೆ ಜೋಲು ಬಿಡುತ್ತದೆ. ಇದು ಔಷಧದ ಗುಣ. ಆದರೆ ಅದನ್ನು ಪಕ್ಕಕ್ಕೆ ಉದ್ದಕ್ಕೆ ಮಲಗಲು ಬಿಡಬೇಡಿ. ಕಾಲು ಮಡಚಿ ಎದೆಯ ಮೇಲೆ ಕೂರಿಸಿ, ಹುಲ್ಲು ತುಂಬಿದ ಚೀಲ ಒತ್ತು ಕೊಡಿ. ಪಕ್ಕಕ್ಕೆ ಬಿದ್ದುಕೊಂಡೇ ಇದ್ದರೆ ಹೊಟ್ಟೆಯೊಳಗಿನ ಗಾಳಿ ಹೊರಗೆ ಬರಲ್ಲ, ಎಡಗಡೆ ಹೊಟ್ಟೆ ಉಬ್ಬುತ್ತದೆ, ಒಳಗಿನದು ಬಾಯಿಗೆ ಬಂದು ಶ್ವಾಸಕ್ಕೆ ಹೋಗುವ ಅಪಾಯವೂ ಇದೆ. ಮೂಗು ಸ್ವಲ್ಪ ಕೆಳಮುಖವಾಗಿದ್ದರೆ ಜೊಲ್ಲು ಹೊರಗೆ ಹರಿದು ಹೋಗುತ್ತದೆ.

ನೀರು, ಮೇವು ಯಾವಾಗ ಕೊಡಬೇಕು ಅನ್ನೋದು ಎಲ್ಲರ ಪ್ರಶ್ನೆ. ಕರು ತಾನಾಗಿ ಎದ್ದು, ತೂರಾಡದೆ ನಿಂತು, ಕಿವಿ ಆಡಿಸಲು ಶುರು ಮಾಡಿದ ಮೇಲೆ. ಪಾಪ ಬಾಯಾರಿದೆ ಅಂತ ಮಂಪರಿನಲ್ಲಿರುವಾಗ ಗೊಟ್ಟದಲ್ಲಿ (ದನಕ್ಕೆ ಔಷಧ ಕುಡಿಸುವ ಕೊಳವೆ) ನೀರು ಹೊಯ್ದರೆ ನೀರು ಶ್ವಾಸಕೋಶಕ್ಕೆ ಹೋಗಿ ಕರುವೇ ಹೋಗಬಹುದು. ಬರೀ ಮರಗಟ್ಟುವ ಇಂಜೆಕ್ಷನ್ ಆಗಿದ್ದರೆ ಕಾಯುವ ಅಗತ್ಯ ಇಲ್ಲ, ಹಗ್ಗ ಬಿಚ್ಚಿ ನಿಲ್ಲಿಸಿದ ಕೂಡಲೇ ನೀರು ತೋರಿಸಿ.

ಕೊಯ್ದು ತೆಗೆದಿದ್ದರೆ ಮೊದಲ ದಿನ ಪೂರ್ತಿ ಕಣ್ಣು ರಕ್ತದ ಮೇಲಿರಬೇಕು. ಹನಿ ಹನಿಯಾಗಿ ಬಿದ್ದು, ಹೊತ್ತು ಹೋದ ಹಾಗೆ ಹನಿ ನಿಧಾನವಾಗುತ್ತಿದ್ದರೆ ಚಿಂತೆ ಇಲ್ಲ. ಹನಿಗಳನ್ನು ಎಣಿಸಲು ಆಗದಷ್ಟು ಬೇಗ ಬೀಳುತ್ತಿದ್ದರೆ, ಧಾರೆಯಾಗಿ ಹರಿಯುತ್ತಿದ್ದರೆ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವ ತನಕ ಕರುವನ್ನು ಓಡಾಡಿಸದೆ ನಿಲ್ಲಿಸಿ, ತೊಳೆದು ಒಣಗಿಸಿದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ. ಗಾಯದಿಂದ ನರವೋ ಕರುಳೋ ಏನಾದರೂ ಹೊರಗೆ ಜೋತುಬಿದ್ದರೆ ಎಳೆಯಬಾರದು, ಕತ್ತರಿಸಬಾರದು, ಒಳಗೆ ತುರುಕಲೂ ಬಾರದು. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಶುಭ್ರ ಬಟ್ಟೆಯಲ್ಲಿ ಹಿಡಿದುಕೊಂಡು ಡಾಕ್ಟರಿಗೆ ಕಾಯಿರಿ.

ಉಚ್ಚೆ ಹೊಯ್ದಿತಾ ಇಲ್ವಾ ಅನ್ನೋದನ್ನೂ ಗಮನಿಸಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಬಾವು ಮುಂದಕ್ಕೆ ಹರಡಿ ಉಚ್ಚೆ ಜಾಗಕ್ಕೆ ಬಂದರೆ ಕರು ತಿಣುಕುತ್ತದೆ, ಹನಿ ಹನಿ ಮಾತ್ರ ಬರುತ್ತದೆ. ಅದು ಸಂಜೆವರೆಗೆ ಕಾಯುವ ವಿಷಯ ಅಲ್ಲ. ಹಗ್ಗ ಹಾಕಿ ಕೆಡವಿದಾಗ ಮುಂಗಾಲಿನ ಮೇಲೆ ಭಾರ ಬಿದ್ದು ಕರು ಕಾಲು ಎಳೆಯುತ್ತಿದ್ದರೆ ಅದನ್ನೂ ಹೇಳಿ.

ಬಾವು ಎಷ್ಟಿದ್ದರೆ ಸರಿ

ಎರಡನೇ ದಿನ ಚೀಲ ದಪ್ಪಗಾಗಿರುತ್ತದೆ. ಮೂರನೇ ದಿನಕ್ಕೆ ಇನ್ನೂ ದಪ್ಪ. ಕೊಯ್ದಿದ್ದರೆ ನಾಲ್ಕೈದು ದಿನದವರೆಗೂ ಏರಬಹುದು. ಅಲ್ಲಿಂದ ಮುಂದೆ ಇಳಿಯುತ್ತಾ ಹೋಗಬೇಕು. ಬಾವು ಬಂದಿದೆ ಅಂತ ಹೆದರುವುದು ಬೇಡ, ಐದು ದಿನದ ಮೇಲೂ ಏರುತ್ತಲೇ ಇದೆಯಾ ಅಂತ ನೋಡಿ. ಕರು ಹಿಂಗಾಲು ಅಗಲಿಸಿ, ಗೋಣು ಬಗ್ಗಿಸಿ, ಸಣ್ಣ ಹೆಜ್ಜೆ ಇಡುತ್ತಿದ್ದರೆ ಮೊದಲ ಮೂರು ನಾಲ್ಕು ದಿನ ಅದು ಸಹಜ. ಆದರೆ ಮೇವು ಮುಟ್ಟುತ್ತಿರಬೇಕು, ಮೆಲುಕು ಹಾಕುತ್ತಿರಬೇಕು. ಮೆಲುಕು ನಿಂತಿತು ಅಂದರೆ ಒಳಗೆ ಏನೋ ಕೆಟ್ಟಿದೆ ಅಂತಲೇ ತಿಳಿಯಿರಿ.

ಜ್ವರ ನೋಡಲು ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರೇ ಸಾಕು, ದನಕ್ಕೆ ಅಂತ ಒಂದು ಬೇರೆ ಇಟ್ಟುಕೊಳ್ಳಿ. ತುದಿಗೆ ಎಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಹಿಡಿಯಬೇಕು. ಸೆಗಣಿಯೊಳಗೆ ಚುಚ್ಚಿಕೊಂಡರೆ ಲೆಕ್ಕ ತಪ್ಪು ಬರುತ್ತದೆ. ದನದ ಮೈ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಬೆಳಗಿನ ತಂಪು ಹೊತ್ತಿನಲ್ಲೇ ನೋಡಿ, ಮಧ್ಯಾಹ್ನ ಬಿಸಿಲಿಗೆ ಸ್ವಲ್ಪ ಏರಿರುತ್ತದೆ. ಮೊದಲ ದಿನ ಒಂದಿಷ್ಟು ಏರಿದರೂ ಇಳಿಯಬೇಕು. 104 ದಾಟಿದರೆ ಅದು ಸೋಂಕಿನ ಗುರುತು.

ಇಕ್ಕಳ ಹಾಕಿದ ಕರುವಿನಲ್ಲಿ ಇನ್ನೊಂದು ಗುರುತು ನೆನಪಿಡಿ. ಚೀಲದ ಕೆಳಭಾಗ ಮುಟ್ಟಿದರೆ ತಣ್ಣಗೆ, ಬಣ್ಣ ಕಪ್ಪು ನೀಲಿ, ಗೆರೆಯಿಂದ ಕೆಟ್ಟ ವಾಸನೆಯ ನೀರು, ಹೀಗಿದ್ದರೆ ಚರ್ಮ ಸಾಯುತ್ತಿದೆ ಅಂತ ಅರ್ಥ. ಗೆರೆಯ ಮೇಲೆ ಕಂದು ಬಣ್ಣದ ಒಣ ಹಕ್ಕಳೆ ಕಟ್ಟಿದ್ದರೆ ಏನೂ ತೊಂದರೆ ಇಲ್ಲ, ಅದನ್ನು ಕೆರೆಯಲು ಹೋಗಬೇಡಿ.

ಎರಡನೇ ದಿನದಿಂದ ಬೆಳಿಗ್ಗೆ ಸಂಜೆ ತಂಪು ಹೊತ್ತಿನಲ್ಲಿ ಸ್ವಲ್ಪ ನಡೆದಾಡಿಸಿ. ಕಟ್ಟಿದಲ್ಲೇ ಕಟ್ಟಿದ್ದರೆ ಬಾವು ಇಳಿಯಲ್ಲ, ಕೊಯ್ದ ಗಾಯದ ಬಾಯಿ ಬೇಗ ಮುಚ್ಚಿಕೊಂಡು ಒಳಗೆ ಕೀವು ನಿಲ್ಲುತ್ತದೆ. ಹಾಗೆ ಮುಚ್ಚಿಕೊಂಡು ಬಾವು ಮತ್ತೆ ಏರಿದರೆ ಡಾಕ್ಟರ್ ಬಂದು ಬಾಯಿ ಬಿಡಿಸಿ ತೊಳೆಯಬೇಕಾಗುತ್ತದೆ. ಅದನ್ನು ಮನೆಯಲ್ಲಿ ಬ್ಲೇಡು ಹಾಕಿ ಮಾಡುವುದಲ್ಲ.

ಕಟ್ಟುವ ಜಾಗ ಮತ್ತು ತೊಗರಿ ಕೂಳೆ

ಕರು ಮಲಗುವ ಜಾಗ ಒಣಗಿರಬೇಕು, ಅಷ್ಟೇ. ಸಿಮೆಂಟ್ ಆಗಬೇಕಂತಿಲ್ಲ. ಒಣ ಮಣ್ಣಿನ ಮೇಲೆ ಜೋಳದ ರವದಿ, ಒಣ ಹುಲ್ಲು ಹಾಸಿ ದಿನಾ ಬದಲಿಸಿದರೆ ಸಾಕು. ಉಚ್ಚೆ ಹಿಂದಕ್ಕೆ ಹರಿದು ಹೋಗುವ ಹಾಗೆ ಇಳಿಜಾರು ಇರಲಿ. ಬೇರೆ ದನಗಳ ಗುಂಪಿನಲ್ಲಿ ಬೇಡ, ಹಾಯುತ್ತವೆ, ಒಂದರ ಮೇಲೊಂದು ಏರುತ್ತವೆ. ಹಾಗಂತ ಒಂಟಿಯಾಗಿ ದೂರ ಕಟ್ಟಿದರೆ ಕರು ಒದರಿ ಒದರಿ ಮೇವು ಬಿಡುತ್ತದೆ. ಜೊತೆಯ ದನ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ. ಬೀದರ್ ಕಡೆ ಡಿಸೆಂಬರ್, ಜನವರಿ ರಾತ್ರಿಯ ಚಳಿ ಬಲು ಜೋರು. ಬೀಸುವ ಗಾಳಿ ತಡೆದು ಬೆನ್ನಿಗೊಂದು ಗೋಣಿ ಹೊದಿಸಿ.

ಈಗ ತೊಗರಿ ವಿಷಯ. ಬೀಜ ಒಡೆಸಲು ಒಳ್ಳೆ ಕಾಲ ಅಂದೆನಲ್ಲ, ಅದೇ ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ತೊಗರಿ ಕೊಯ್ಲು. ಕುಡುಗೋಲು ಓರೆಯಾಗಿ ಬೀಳುತ್ತದೆ, ನೆಲದಿಂದ ಗೇಣುದ್ದ ಕಟ್ಟಿಗೆ ಚೂಪಾಗಿ ಮೇಲಕ್ಕೆ ನಿಂತಿರುತ್ತದೆ. ಹೊಲದ ತುಂಬಾ ಅದೇ. ರಾಶಿ ಆದ ಮೇಲೆ ಉದುರಿದ ಸೊಪ್ಪು, ಕಾಯಿ ತಿನ್ನಲಿ ಅಂತ ದನ ಬಿಡುವುದು ವಾಡಿಕೆ. ಬಾವು ಬಂದ ಚೀಲ ಹೊತ್ತ ಕರುವನ್ನು ಆ ಹೊಲಕ್ಕೆ ಬಿಟ್ಟರೆ, ಅದು ಮಲಗಲು ಮಂಡಿ ಊರಿದಾಗ ಆ ಚೂಪು ತುದಿ ನೇರ ಅಲ್ಲಿಗೇ ತಾಗುತ್ತದೆ. ಇಕ್ಕಳ ಹಾಕಿ ಗಾಯವೇ ಇಲ್ಲದ ಕರುವಿಗೂ ಹೊಸ ಗಾಯ ಆಗುತ್ತದೆ, ಅಲ್ಲಿಂದ ಕೀವು, ಹುಳ. ಮೂರು ವಾರ ಯಾವ ಕೂಳೆ ಹೊಲಕ್ಕೂ ಬಿಡಬೇಡಿ, ತೊಗರಿಯಾಗಲಿ ಹತ್ತಿಯಾಗಲಿ. ಕೊಟ್ಟಿಗೆ ಪಕ್ಕ ಒಲೆಗೆ ಅಂತ ಒಟ್ಟಿದ ತೊಗರಿ ಕಟ್ಟಿಗೆಯಿಂದಲೂ ದೂರ ಕಟ್ಟಿ.

ಕೆರೆ, ಹಳ್ಳ, ಭೀಮಾ ಹೊಳೆಗೆ ಇಳಿಸಿ ಮೈ ತೊಳೆಯುವುದೂ ಗಾಯ ಪೂರ್ತಿ ಒಣಗುವ ತನಕ ನಿಲ್ಲಲಿ.

ನೊಣ ಮತ್ತು ಹುಳ

ಗಾಯಕ್ಕೆ ಏನು ಹಚ್ಚಬೇಕು ಅಂತ ಕೇಳಿದರೆ ಓಣಿಯಲ್ಲಿ ಹತ್ತು ಉತ್ತರ ಸಿಗುತ್ತವೆ. "ಏನಾಗಲ್ಲ ಬಿಡೋ ತಮ್ಮಾ, ಬೂದಿ ಹಚ್ಚು ಸಾಕು" ಅನ್ನುವ ಕಾಕಾ ಇದ್ದೇ ಇರುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ಬೂದಿ, ಸೆಗಣಿ, ಮಣ್ಣು ತೆರೆದ ಗಾಯಕ್ಕೆ ಹಚ್ಚಬಾರದು. ಧನುರ್ವಾಯು ತರುವ ರೋಗಾಣು ಇರುವುದೇ ಮಣ್ಣು ಮತ್ತು ಸೆಗಣಿಯಲ್ಲಿ. ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಎಲ್ಲ ಚರ್ಮ ಸುಡುತ್ತವೆ.

ಮನೆಯಲ್ಲಿ ಮಾಡಬೇಕಾದ್ದು ಸರಳ. ಕಾಯಿಸಿ ಆರಿಸಿದ ನೀರಿಗೆ ಪೊಟ್ಯಾಷಿಯಂ ಪರ್ಮಾಂಗನೇಟಿನ ಒಂದೆರಡು ಹರಳು ಹಾಕಿ. ನೀರು ತೆಳು ಗುಲಾಬಿ ಬಣ್ಣಕ್ಕೆ ಬರಬೇಕು, ಗಾಢ ನೇರಳೆ ಆದರೆ ಜಾಸ್ತಿಯಾಯಿತು, ಚರ್ಮ ಸುಡುತ್ತದೆ, ಇನ್ನಷ್ಟು ನೀರು ಬೆರೆಸಿ. ಅದರಲ್ಲಿ ಗಾಯದ ಸುತ್ತ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ. ಆಮೇಲೆ ಗಾಯದ ಅಂಚು ಮತ್ತು ಸುತ್ತಲಿನ ಚರ್ಮಕ್ಕೆ ನೊಣ ಓಡಿಸುವ ಮುಲಾಮು ಅಥವಾ ಸ್ಪ್ರೇ. ಡಾಕ್ಟರ್ ಬರೆದುಕೊಟ್ಟದ್ದನ್ನೇ ಪಶು ಔಷಧದ ಅಂಗಡಿಯಲ್ಲಿ ಕೇಳಿ. ರಾತ್ರಿ ಮುಲಾಮು ಸಿಗದಿದ್ದರೆ ಬೇವಿನ ಎಣ್ಣೆಗೆ ಅರಿಶಿನ ಕಲಸಿ ಗಾಯದ ಸುತ್ತಲಿನ ಚರ್ಮಕ್ಕೆ ಸವರಬಹುದು, ಆಳದ ಗಾಯದೊಳಗೆ ತುಂಬಬಾರದು. ನೊಣ ಹಗಲಿನ ಪ್ರಾಣಿ, ಹಾಗಾಗಿ ಬೆಳಗಿನ ಹಚ್ಚುವಿಕೆ ಬಿಸಿಲೇರುವ ಮುಂಚೆ ಮುಗಿದಿರಲಿ.

ನೊಣ ಗಾಯದ ಅಂಚಿನಲ್ಲೇ ಮೊಟ್ಟೆ ಇಡುತ್ತದೆ. ಹತ್ತಿರದಿಂದ ನೋಡಿದರೆ ಅಕ್ಕಿ ನುಚ್ಚು ಅಂಟಿದ ಹಾಗೆ ಬಿಳಿ ಗುಂಪು ಕಾಣುತ್ತದೆ. ಈ ಹಂತದಲ್ಲಿ ಕಂಡರೆ ನಿಮ್ಮ ಕೆಲಸ ಅರ್ಧ ನಿಮಿಷದ್ದು, ಒದ್ದೆ ಹತ್ತಿಯಲ್ಲಿ ಒರೆಸಿ ತೆಗೆದು ಸುಟ್ಟುಬಿಡಿ. ಒಂದು ದಿನದೊಳಗೆ ಮೊಟ್ಟೆ ಒಡೆದು ಮರಿ ಮಾಂಸದೊಳಗೆ ಇಳಿಯುತ್ತವೆ, ಐದಾರು ದಿನ ಅಲ್ಲೇ ತಿನ್ನುತ್ತಾ ಬೆಳೆಯುತ್ತವೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಿ ಅನ್ನುವುದು ಇದಕ್ಕೇ. ದಿನಕ್ಕೊಂದು ಸಲ ನೋಡಿದರೂ ತಪ್ಪಿಹೋಗುವ ಸಾಧ್ಯತೆ ಇದೆ.

ಹುಳ ಬಿದ್ದದ್ದು ಕಣ್ಣಿಗೆ ಕಾಣುವ ಮುಂಚೆ ಕರುವಿನ ನಡವಳಿಕೆಯಲ್ಲಿ ಗೊತ್ತಾಗುತ್ತದೆ. ಹಿಂಗಾಲು ನೆಲಕ್ಕೆ ಬಡಿಯುತ್ತದೆ, ಪದೇ ಪದೇ ತಿರುಗಿ ಹೊಟ್ಟೆ ಕೆಳಗೆ ಮೂಸುತ್ತದೆ, ಬಾಲ ನಿಲ್ಲಿಸದೆ ಬೀಸುತ್ತದೆ. ಗಾಯದಿಂದ ರಕ್ತ ಬೆರೆತ ತೆಳು ನೀರು ಇಳಿಯುತ್ತದೆ, ಒಂದು ಥರ ಕೊಳೆತ ವಾಸನೆ. ನಾಯಿ ಹಿಂದೆ ಹಿಂದೆ ಬಂದು ನೆಕ್ಕಲು ನೋಡುತ್ತದೆ. ಕಾಗೆಗಳು ಬೆನ್ನ ಮೇಲೆ ಕೂತು ಅವಕಾಶ ಸಿಕ್ಕಾಗ ಗಾಯ ಕುಕ್ಕುತ್ತವೆ, ಅವುಗಳನ್ನೂ ಓಡಿಸಬೇಕು.

ಹುಳ ಕಂಡರೆ ಟರ್ಪಂಟೈನ್ ಎಣ್ಣೆಯಲ್ಲಿ ಹತ್ತಿ ಅದ್ದಿ ಗಾಯದ ಬಾಯಿಗೆ ಇಟ್ಟು ಸ್ವಲ್ಪ ಹೊತ್ತು ಬಿಡುವುದು ಎಲ್ಲರೂ ಮಾಡುವ ಕ್ರಮ. ಉಸಿರು ಕಟ್ಟಿ ಹುಳ ಮೇಲೆ ಬರುತ್ತವೆ, ಚಿಮಟದಲ್ಲಿ ಒಂದೊಂದೇ ತೆಗೆಯಬೇಕು, ಒಂದೂ ಉಳಿಯಬಾರದು. ಆದರೆ ಬೀಜ ತೆಗೆದ ಗಾಯ ಮೇಲಕ್ಕೆ ಹೊಟ್ಟೆಯ ಕಡೆ ದಾರಿ ಇರುವ ಜಾಗ. ಇಲ್ಲಿ ಎಣ್ಣೆ ಸುರಿಯುವುದು ಬೇಡ, ಡಾಕ್ಟರ್ ಕೈಯಲ್ಲೇ ತೆಗೆಸಿ, ಜೊತೆಗೆ ಇಂಜೆಕ್ಷನ್ನೂ ಕೊಡುತ್ತಾರೆ. ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಹೊಲಕ್ಕೆ ಹಾಕುವ ಹರಳು ವಿಷ, ಬಟ್ಟೆಗೆ ಇಡುವ ನುಸಿ ಗುಳಿಗೆ ಪುಡಿ ಮಾಡಿ ಗಾಯಕ್ಕೆ ತುಂಬಬೇಡಿ. ಹುಳ ಸಾಯುವುದೇನೋ ನಿಜ. ಆದರೆ ವಿಷ ಗಾಯದ ಮೂಲಕ ರಕ್ತಕ್ಕೆ ಸೇರುತ್ತದೆ, ಕರು ಗಾಯ ನೆಕ್ಕಿದರೆ ಹೊಟ್ಟೆಗೇ ಹೋಗುತ್ತದೆ. ಬಾಯಲ್ಲಿ ನೊರೆ ಬಂದು, ನಡುಗಿ, ಅರ್ಧ ದಿನದಲ್ಲೇ ಕರು ಸಾಯಬಹುದು.

ನೋವಿನ ಔಷಧ

ನೋವಿಗೆ ಮೆಲೊಕ್ಸಿಕ್ಯಾಮ್ ಒಳ್ಳೆಯದು, ದನದಲ್ಲಿ ಒಂದು ಸಲ ಕೊಟ್ಟರೆ ಒಂದು ದಿನಕ್ಕೂ ಮೇಲೆ ಕೆಲಸ ಮಾಡುತ್ತದೆ. ಪ್ರಮಾಣ ತೂಕ ನೋಡಿ ಡಾಕ್ಟರೇ ಹೇಳಬೇಕು. ಬೇಗ ಕೊಟ್ಟಷ್ಟೂ ಲಾಭ. ನೋವು ಕಡಿಮೆಯಾದ ಕರು ಬೇಗ ಮೇವಿಗೆ ಬಾಯಿ ಹಾಕುತ್ತದೆ, ಅದರಿಂದ ಗಾಯವೂ ಬೇಗ ಮಾಯುತ್ತದೆ.

ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಚುಚ್ಚುವುದನ್ನು ಮಾತ್ರ ಮಾಡಬೇಡಿ. ದನಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧ ಪಡೆದ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದ ತುಂಬಾ ಅವುಗಳ ಸಂತತಿಯೇ ಕುಸಿಯಿತು. ಊರ ಹೊರಗೆ ಸತ್ತ ದನದ ಸುತ್ತ ಹದ್ದುಗಳ ಹಿಂಡು ಇಳಿಯುತ್ತಿದ್ದದ್ದನ್ನು ನಮ್ಮ ಮುತ್ಯಾಗಳ ಕಾಲದವರು ಕಂಡಿದ್ದಾರೆ, ಈಗಿನ ಹುಡುಗರು ಒಂದನ್ನೂ ನೋಡಿಲ್ಲ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ದನಗಳಿಗೆ ನಿಷೇಧವಾಗಿವೆ. ಮೆಲೊಕ್ಸಿಕ್ಯಾಮ್‌ನಿಂದ ಹದ್ದುಗಳಿಗೆ ತೊಂದರೆ ಇಲ್ಲ, ಹಾಗಾಗಿ ಕೇಳಿ ಅದನ್ನೇ ಹಾಕಿಸಿ.

ಸೋಂಕು ತಡೆಯುವ ಇಂಜೆಕ್ಷನ್ ಮೂರು ದಿನ ಅಥವಾ ಐದು ದಿನ ಅಂತ ಹೇಳಿದ್ದರೆ ಪೂರ್ತಿ ಮಾಡಿಸಿ. ಎರಡನೇ ದಿನಕ್ಕೆ ಕರು ಚುರುಕಾಯಿತು ಅಂತ ನಿಲ್ಲಿಸಿದರೆ ಆರನೇ ದಿನ ಕೀವು ತಿರುಗಿ ಬರುತ್ತದೆ.

ಧನುರ್ವಾಯು

ಇದು ಗಾಯ ವಾಸಿಯಾಯಿತು ಅಂತ ಎಲ್ಲರೂ ನಿರಾಳವಾದ ಮೇಲೆ ಬರುವ ರೋಗ, ಸಾಮಾನ್ಯವಾಗಿ ಒಂದರಿಂದ ಮೂರು ವಾರದ ನಡುವೆ. ರಬ್ಬರ್ ಉಂಗುರ ಹಾಕಿದ ಕರುಗಳಲ್ಲಿ ಭಯ ಜಾಸ್ತಿ, ಕೊಯ್ದ ಗಾಯಕ್ಕೂ ತಪ್ಪಿದ್ದಲ್ಲ. ಕರು ಮರದ ಕಾಲಲ್ಲಿ ನಡೆಯುತ್ತಿದೆಯೇನೋ ಅನಿಸುತ್ತದೆ, ತಿರುಗಲು ಕಷ್ಟಪಡುತ್ತದೆ. ಕಿವಿ ನೆಟ್ಟಗೆ, ಬಾಲ ಸ್ವಲ್ಪ ಎತ್ತಿಯೇ ಇರುತ್ತದೆ. ಬಾಯಿ ಬಿಡಿಸಲು ಬರಲ್ಲ, ಹೊಟ್ಟೆ ಉಬ್ಬುತ್ತದೆ. ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಕಣ್ಣಿನ ಮೂಲೆಯಿಂದ ಒಂದು ಬಿಳಿ ಪೊರೆ ಅಡ್ಡ ಬರುತ್ತದೆ. ಇದು ಕಂಡಮೇಲೆ ಉಳಿಸುವುದು ಬಹಳ ಕಷ್ಟ, ಆದ್ದರಿಂದ ಒಡೆಸುವ ಮುಂಚೆಯೇ ಟಿ.ಟಿ. ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ.

ಮೇವು

ಇದಕ್ಕೆ ಹೆಚ್ಚು ಹೇಳುವುದಿಲ್ಲ. ದಿನಾ ತಿನ್ನುತ್ತಿದ್ದ ಜೋಳದ ಕಣಿಕೆ, ತೊಗರಿ ಹೊಟ್ಟು ಅದೇ ಇರಲಿ, ಜೊತೆಗೆ ಸಿಕ್ಕಷ್ಟು ಹಸಿ ಮೇವು. ಹಿಂಡಿಯನ್ನು ಮೊದಲಿನಷ್ಟೇ ಕೊಡಿ. ನೋವುಂಡ ಕರು ಅಂತ ಒಮ್ಮೆಲೇ ಜೋಳದ ನುಚ್ಚು, ಹತ್ತಿಕಾಳು ಹಿಂಡಿ ಬುಟ್ಟಿಗಟ್ಟಲೆ ಸುರಿದರೆ ಹೊಟ್ಟೆ ಕೆಟ್ಟು ಹೊಸ ರೋಗ ಶುರುವಾಗುತ್ತದೆ. ನೀರು ದಿನಕ್ಕೆ ಮೂರ್ನಾಲ್ಕು ಸಲ ತೋರಿಸಿ. ಗ್ವಾದಲಿ (ಮೇವು ಹಾಕುವ ತೊಟ್ಟಿ) ತುಂಬಾ ಕೆಳಗಿದ್ದರೆ ಬಗ್ಗುವಾಗ ನೋಯುತ್ತದೆ, ನಾಲ್ಕು ದಿನ ಬುಟ್ಟಿಯನ್ನು ಕಲ್ಲಿನ ಮೇಲೆ ಎತ್ತರಕ್ಕೆ ಇಟ್ಟು ತಿನ್ನಿಸಿ.

ಆಮೇಲಿನ ಆರೆಂಟು ವಾರ

ಬೀಜ ಒಡೆದ ದಿನದಿಂದಲೇ ಹೋರಿ ಎತ್ತಾಗಿಬಿಡುವುದಿಲ್ಲ. ನಾಳಗಳಲ್ಲಿ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಆಕಳು ಗಬ್ಬವಾಗಬಹುದು. ಪ್ರಾಯಕ್ಕೆ ಬಂದ ಹೋರಿಯಾಗಿದ್ದರೆ ಆರೆಂಟು ವಾರ ಬೆದೆಗೆ ಬರುವ ಆಕಳು, ಮಣಕಗಳ ಹತ್ತಿರ ಬಿಡಬೇಡಿ. ಏರಲು ಹೋದರೆ ಗಾಯವೂ ಹರಿಯುತ್ತದೆ.

ನೊಗ ಹೂಡುವ ಅವಸರವೂ ಬೇಡ. ಮೊದಲ ತಿಂಗಳು ಬಂಡಿ, ಕುಂಟೆ, ಗಳೆ ಏನೂ ಇಲ್ಲ. ಬಾವು ಪೂರ್ತಿ ಇಳಿದು ನಡಿಗೆ ಮೊದಲಿನಂತಾದ ಮೇಲೆ ಬರೀ ನೊಗ ಹೊರಿಸಿ ಪಳಗಿದ ಎತ್ತಿನ ಜೊತೆ ನಡೆಸಿ. ಭಾರ ಎಳೆಸುವುದು ಅದರ ನಂತರ.

ಇಕ್ಕಳ ಹಾಕಿಸಿದವರು ಆರನೇ ವಾರಕ್ಕೆ ಚೀಲ ಮುಟ್ಟಿ ನೋಡಲೇಬೇಕು. ಎರಡೂ ಬೀಜ ಸಣ್ಣಗಾಗಿ ಗಟ್ಟಿ ಗಂಟಿನಂತೆ ಕೈಗೆ ಸಿಗಬೇಕು. ಒಂದು ಒಣಗಿ ಇನ್ನೊಂದು ಮೊದಲಿನಷ್ಟೇ ದಪ್ಪ, ಮೆತ್ತಗೆ ಪುಟಿಯುವಂತೆ ಇದ್ದರೆ ಆ ಬದಿಯ ನರ ಇಕ್ಕಳದಿಂದ ಜಾರಿದೆ ಅಂತ ಅರ್ಥ. ಅಂಥ ಹೋರಿ ಮೊದಲಿನ ಹಾಗೇ ಸಿಟ್ಟು ಮಾಡುತ್ತದೆ, ಆಕಳನ್ನು ಗಬ್ಬವೂ ಮಾಡುತ್ತದೆ. ಮತ್ತೆ ಡಾಕ್ಟರಿಗೆ ತೋರಿಸಿ ಆ ಒಂದು ಬದಿ ಮಾಡಿಸಬೇಕು. ಊರಲ್ಲಿ ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಬೀದರ್ ಸುತ್ತಮುತ್ತ ಇರುವವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಹೋಗುವಾಗ ಒಡೆಸಿದ ತಾರೀಖು, ಯಾವ ರೀತಿ ಮಾಡಿದರು, ಯಾವ ಇಂಜೆಕ್ಷನ್ ಕೊಟ್ಟರು ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಖಾಲಿ ಔಷಧದ ಬಾಟಲಿ ಇದ್ದರೆ ಅದನ್ನೂ ಒಯ್ಯಿರಿ.